ರಸ್ತೆಯಂಚಿಗೆ ಮರಳುವ ಹಸುರು

ಹೊಸ ರಸ್ತೆಯಾಯಿತೆಂದರೆ ಪಟ್ಟಣವಾಸಿಗಳಾದ ನಾವು ಮೊದಲು ಲೆಕ್ಕ ಹಾಕುವುದು ಎಷ್ಟು ನಿಮಿಷ ಉಳಿಯಿತೆಂದು. ಕೋಟೆಯ ಕಚೇರಿಗೆ ಇಷ್ಟು ಹೊತ್ತು, ಚೆಂಬೂರಿನ ಬೀಗರ ಮನೆಗೆ ಇಷ್ಟು ಹೊತ್ತು ಎಂದು ಮನೆಮನೆಯಲ್ಲೂ ಮಾತು ನಡೆಯುತ್ತದೆ. ಆದರೆ ಆ ರಸ್ತೆಗಾಗಿ ಅಗೆದ ನೆಲದ ಗತಿ ಏನಾಯಿತು, ಅಲ್ಲಿದ್ದ ಗಿಡಗಂಟಿಗಳು ಮತ್ತೆ ಬಂದವೆ, ಬಂದವು ಯಾವುವು ಎಂದು ವಿಚಾರಿಸುವವರು ವಿರಳ. ಆಂಟಾಪ್ ಹಿಲ್ಲಿನಲ್ಲಿ ನೆಲೆಸಿದ ನಮಗೆ ಇದು ಮನೆಯ ಬಾಗಿಲಿನ ವಿಚಾರವೇ ಆಗಿದೆ.

ಈ ಭಾಗದ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಉಪ್ಪಿನ ನೆಲ. ಕೋಕರಿ ಆಗರ ಎಂಬ ಹೆಸರಿನಲ್ಲಿಯೇ ಆ ಚರಿತ್ರೆ ಅಡಗಿದೆ. ಆಗರವೆಂದರೆ ಉಪ್ಪು ಬೆಳೆಯುವ ಗದ್ದೆ ಎಂದು ಗೋಕರ್ಣ, ಸಾಣಿಕಟ್ಟೆಯ ಕಡೆಯವರಿಗೆ ಹೇಳಿಕೊಡಬೇಕಾದುದಿಲ್ಲ. ಪೂರ್ವಕ್ಕೆ ವಡಾಲದ ಉಪ್ಪಿನ ಗದ್ದೆಗಳು, ಅವುಗಳಾಚೆ ಮಾಹುಲ್ ಖಾರಿ. ಈ ನೆಲದ ಮೇಲೆಯೇ ಆಣಿಕ್–ಪಾಂಜರಪೋಳ ರಸ್ತೆ ಬಂದಿತು. ಈಸ್ಟರ್ನ್ ಫ್ರೀವೇ 2013ರ ಜೂನಿನಲ್ಲಿ ತೆರೆದು, 2014ರ ಜೂನಿನಲ್ಲಿ ಘಾಟಕೋಪರದ ಕಡೆಗೆ ಮುಂದುವರಿಯಿತು. 2014ರ ಫೆಬ್ರವರಿಯಲ್ಲಿ ಚೆಂಬೂರು–ವಡಾಲ ಮಾನೋರೈಲು ಓಡತೊಡಗಿತು. ಹತ್ತು ವರ್ಷಗಳೊಳಗೆ ಇಷ್ಟೊಂದು ಅಗೆತ, ತುಂಬುವಿಕೆ ನಡೆದ ಸ್ಥಳಗಳು ಮುಂಬಯಿಯಲ್ಲಿ ಹೆಚ್ಚಿಲ್ಲ.

ರಸ್ತೆ ಕಟ್ಟುವಾಗ ಮೊದಲು ಹೋಗುವುದು ಮೇಲಿನ ಒಂದು ಗೇಣು ಮಣ್ಣು. ಕೊಳೆತ ಎಲೆ, ಎರೆಹುಳು, ಕಣ್ಣಿಗೆ ಕಾಣದ ಜೀವಾಣುಗಳು, ಮಳೆಗಾಗಿ ಕಾದು ಮಲಗಿದ ಅಸಂಖ್ಯ ಬೀಜಗಳು, ಎಲ್ಲವೂ ಇರುವುದು ಆ ಗೇಣಿನಲ್ಲಿಯೇ. ಅದರ ಬದಲಿಗೆ ಬರುವುದು ಜಲ್ಲಿ, ಒಡೆದ ಇಟ್ಟಿಗೆ, ಗಾರೆಯ ಪುಡಿ. ರೋಲರು ಅದನ್ನು ಅದುಮಿ ಕಲ್ಲಿನಂತೆ ಮಾಡುತ್ತದೆ. ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರಗೊಳಿಸುತ್ತದೆ. ಹೀಗಿದ್ದರೂ ಮೊದಲ ಮಳೆಗಾಲದಲ್ಲಿಯೇ ಅಲ್ಲಿ ಹಸುರು ಇಣುಕುವುದುಂಟು. ಎಲ್ಲಿಂದ ಬಂದಿತು?

ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಹಾಳಾದ ಲಂಡನ್ ನಗರದ ನಿವೇಶನಗಳಲ್ಲಿ ತಾವಾಗಿ ಹುಟ್ಟಿದ ಗಿಡಗಳನ್ನು ಸಾಲಿಸ್ಬರಿ ಎಂಬ ಸಸ್ಯಶಾಸ್ತ್ರಜ್ಞರು ಪಟ್ಟಿ ಮಾಡಿದರು. ನೂರಕ್ಕೂ ಹೆಚ್ಚು ಜಾತಿಗಳು ದೊರೆತವು. ಅದೇ ವಿದ್ವಾಂಸರು ತಮ್ಮ ಷರಾಯಿಯ ಕಾಲಿನ ಮಡಿಕೆಯಲ್ಲಿ ಕೂಡಿದ್ದ ಧೂಳನ್ನು ಬಿತ್ತಿ 20ಕ್ಕೂ ಹೆಚ್ಚು ಜಾತಿಯ ಸಸಿಗಳನ್ನು ಬೆಳೆಸಿ ತೋರಿಸಿದರು. ನಮ್ಮ ರಸ್ತೆಗಳಿಗೂ ಬೀಜ ಬರುವುದು ಹೀಗೆಯೇ. ಎಕ್ಕದ ಬೀಜ ರೇಷ್ಮೆಯ ಎಳೆ ಕಟ್ಟಿಕೊಂಡು ಗಾಳಿಯಲ್ಲಿ ತೇಲಿ ಬರುತ್ತದೆ. ಉತ್ತರಾಣಿ ದಾರಿಹೋಕರ ಪಂಚೆ, ಸೀರೆಗಳಿಗೆ ಅಂಟಿಕೊಳ್ಳುತ್ತದೆ. ಔಡಲದ ಬೀಜವನ್ನು ಇರುವೆ ಎಳೆದೊಯ್ಯುತ್ತದೆ. ಅರಳಿ, ಅತ್ತಿಗಳ ಬೀಜ ಹಕ್ಕಿಯ ಹೊಟ್ಟೆಯಲ್ಲಿ ಪ್ರಯಾಣ ಮಾಡುತ್ತದೆ. ಲಾರಿಯ ಚಕ್ರದ ಕೆಸರೂ ಒಂದು ವಾಹನವೇ.

ಬರುವವುಗಳಲ್ಲಿಯೂ ಒಂದು ಸರದಿಯಿದೆ. ಮೊದಲ ಮಳೆಗೆ ಗರಿಕೆ, ತಗಚೆ, ಮುಟ್ಟಿದರೆ ಮುನಿಯಂಥ ಸಣ್ಣ ಗಿಡಗಳು. ಗರಿಕೆ ಮಣ್ಣನ್ನು ಹೆಣೆದು ಹಿಡಿಯುತ್ತದೆ. ಮುಟ್ಟಿದರೆ ಮುನಿಯ ಬೇರಿನ ಗಂಟುಗಳಲ್ಲಿ ವಾಸಿಸುವ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡಿಕೊಡುತ್ತವೆ. ಚಳಿಗಾಲಕ್ಕೆ ಇವು ಒಣಗಿ ಬಿದ್ದಾಗ ಬಡ ನೆಲಕ್ಕೆ ಮೊದಲ ಊಟ ಸಿಕ್ಕಂತಾಯಿತು. ಅನಂತರ ಎಕ್ಕ, ಔಡಲಗಳ ಪೊದೆ. ಅದರ ನೆರಳಿನಲ್ಲಿ ಮರದ ಸಸಿಗಳು. ಕಳೆಯೆಂದು ನಾವು ಕಿತ್ತೆಸೆಯುವ ಗಿಡ ನಿಜವಾಗಿ ಗಾಯದ ಮೇಲಿನ ಹಕ್ಕಳೆಯಿದ್ದಂತೆ. ಅದನ್ನು ಪದೇಪದೇ ಕಿತ್ತರೆ ಗಾಯ ಮಾಯುವುದು ಹೇಗೆ?

ತಗಚೆಯೆಂದೊಡನೆ ನಮ್ಮ ಸೋದರಿಯರಿಗೆ ಅಡಿಗೆಮನೆ ನೆನಪಾಗುವುದು ಸಹಜ. ತುಳುವರು ಆಟಿಯಲ್ಲಿ ತಜಂಕೆಂದು ಉಣ್ಣುವ, ಮರಾಠಿ ನೆರೆಯವರು ಟಾಕಳಾ ಎನ್ನುವ ಸೊಪ್ಪು ಇದೇ. ಆದರೆ ರಸ್ತೆಯಂಚಿನದನ್ನು ಮಾತ್ರ ಕೊಯ್ಯಬಾರದು. ವಾಹನಗಳ ಹೊಗೆ, ಚರಂಡಿಯ ನೀರು ಅದರಲ್ಲಿ ಸೇರಿರುತ್ತವೆ.

ಇನ್ನು, ಬಂದ ಹಸುರೆಲ್ಲ ಒಳ್ಳೆಯದೇ ಎಂದು ತಿಳಿಯುವಂತಿಲ್ಲ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಪಾರ್ಥೇನಿಯಮ್, ಅಂದರೆ ನಾವೆಲ್ಲ ಬಲ್ಲ ಕಾಂಗ್ರೆಸ್ ಗಿಡ, ಅಗೆದ ನೆಲ ಸಿಕ್ಕಿತೆಂದರೆ ಬೇರೆ ಯಾವುದಕ್ಕೂ ಎಡೆಗೊಡದು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅದರ ಪರಾಗದಿಂದ ಚರ್ಮದ ತುರಿ, ಉಬ್ಬಸಗಳು ಬರುತ್ತವೆ. ಇದನ್ನು ಹೂ ಬಿಡುವ ಮುನ್ನ, ಕೈಗೆ ಚೀಲ ಕಟ್ಟಿಕೊಂಡು, ಬೇರುಸಹಿತ ಕೀಳಬೇಕು. ಸೇತುವೆಯ ಸಂದಿನಲ್ಲೋ ಕಟ್ಟಡದ ಬಿರುಕಿನಲ್ಲೋ ಹುಟ್ಟಿದ ಅರಳಿಯ ವಿಷಯ ಬೇರೆ. ಕಡಿಯಲು ಮನಸ್ಸು ಒಪ್ಪದು. ಬಿಟ್ಟರೆ ಬೇರು ಗೋಡೆಯನ್ನು ಸೀಳುತ್ತದೆ. ಸಸಿಯಾಗಿರುವಾಗಲೇ ಮೆಲ್ಲನೆ ಬಿಡಿಸಿ ನೆಲದಲ್ಲಿ ನೆಟ್ಟರೆ ಭಕ್ತಿಯೂ ಉಳಿಯಿತು, ಗೋಡೆಯೂ ಉಳಿಯಿತು.

ಆದರೆ ನಮ್ಮ ಭಾಗದಲ್ಲಿ ನಿಜವಾಗಿ ಮರಳಬೇಕಾದ ಸಸ್ಯ ಖಾರಿಯಂಚಿನದು. ನಮ್ಮ ಕರಾವಳಿಯಲ್ಲಿ ಕಾಂಡ್ಲಾ ಎನ್ನುವ, ಇಲ್ಲಿಯವರು ತಿವರ ಎನ್ನುವ ಗಿಡದ ಬಾಳು ವಿಚಿತ್ರವಾದುದು. ಅದರ ಬೀಜ ತಾಯಿಗಿಡದ ಮೇಲಿರುವಾಗಲೇ ಕಾಯಿಯೊಳಗೆ ಮೊಳೆಯುತ್ತದೆ. ಉಬ್ಬರದಲ್ಲಿ ತೇಲಿ, ಇಳಿತದಲ್ಲಿ ಕೆಸರಿನ ಮೇಲೆ ತಂಗಿ, ಬೇರೂರುತ್ತದೆ. ಉಸಿರಾಟಕ್ಕಾಗಿ ಸೀಸದಕಡ್ಡಿಯಂಥ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚುತ್ತದೆ. ಹೆಚ್ಚಿನ ಉಪ್ಪನ್ನು ಎಲೆಗಳ ಮೂಲಕ ಹೊರಹಾಕುತ್ತದೆ. ಇದನ್ನು ಯಾರೂ ನೆಡಬೇಕೆಂದಿಲ್ಲ. ಉಬ್ಬರದ ನೀರು ದಿನಕ್ಕೆರಡು ಸಲ ಬಂದು ಹೋಗುವಂತಿದ್ದರೆ ತಾನಾಗಿಯೇ ಬರುತ್ತದೆ. ರಸ್ತೆಯ ದಿಬ್ಬವು ನೀರಿನ ದಾರಿಯನ್ನು ಕಟ್ಟಿತೆಂದರೆ, ಅಥವಾ ಮೋರಿಯಲ್ಲಿ ಕಸ ತುಂಬಿತೆಂದರೆ, ಎಷ್ಟು ಸಾವಿರ ಸಸಿ ನೆಟ್ಟರೂ ವ್ಯರ್ಥವೇ. ಒಂದು ಕಡೆ ನೀರು ನಿಂತು ಬೇರು ಉಸಿರುಗಟ್ಟುತ್ತದೆ, ಇನ್ನೊಂದು ಕಡೆ ನೆಲ ಒಣಗಿ ಉಪ್ಪು ಗಟ್ಟುತ್ತದೆ. ಒಂದು ಚೊಕ್ಕ ಮೋರಿ ಒಂದು ವನಮಹೋತ್ಸವಕ್ಕಿಂತ ಹೆಚ್ಚಿನ ಕೆಲಸ ಮಾಡೀತು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿದ್ದುದನ್ನು ಮುಂಬಯಿ ಮರೆತಿಲ್ಲ. ಅಂದು ನೀರು ಹರಿದುಹೋಗಲು ಎಡೆ ಎಷ್ಟು ಮುಖ್ಯವೆಂದು ಎಲ್ಲರಿಗೂ ತಿಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ನಾಶವನ್ನು ತಡೆಯಿತು. 2018ರ ಸೆಪ್ಟೆಂಬರಿನ ಅಂತಿಮ ತೀರ್ಪಿನಲ್ಲಿ ಕಾಂಡ್ಲಾದ ಸುತ್ತ 50 ಮೀಟರು ಪ್ರದೇಶಕ್ಕೂ ರಕ್ಷಣೆ ದೊರೆಯಿತು. ಕಾನೂನು ಇದೆ. ಆದರೆ ಕಾಂಡ್ಲಾವನ್ನು ಕೊಲ್ಲಲು ಕೊಡಲಿಯೇ ಬೇಕೆಂದಿಲ್ಲ. ರಾತ್ರಿಯ ಹೊತ್ತು ಖಾರಿಯಂಚಿಗೆ ಸುರಿದ ನಾಲ್ಕು ಟೆಂಪೋ ಇಟ್ಟಿಗೆ-ಗಾರೆಯೇ ಸಾಕು. ಆ ಇಟ್ಟಿಗೆ-ಗಾರೆ ಎಲ್ಲಿಯದು? ಯಾರದೋ ಮನೆಯ ನ್ಹಾಣಿ ಒಡೆದದ್ದು, ಅಡಿಗೆಮನೆಯ ಹಂಚು ಕಿತ್ತದ್ದು. ನಮ್ಮಲ್ಲಿ ರಿಪೇರಿ ಮಾಡಿಸುವಾಗ ಒಡೆದ ಸಾಮಾನನ್ನು ಎಲ್ಲಿಗೆ ಒಯ್ಯುತ್ತೀಯಪ್ಪಾ ಎಂದು ಕಂತ್ರಾಟುದಾರನನ್ನು ಕೇಳುವ ರೂಢಿ ಇನ್ನೂ ಬೆಳೆದಿಲ್ಲ. ಕೇಳತೊಡಗಿದರೆ ಅದೇ ದೊಡ್ಡ ಸೇವೆ.

ಗುಡ್ಡದ ಕಡೆಯ ಮಾತೂ ಇದೆ. 2018ರ ಜೂನ್ 25ರ ಮಳೆಯಲ್ಲಿ ಇದೇ ಆಂಟಾಪ್ ಹಿಲ್ಲಿನಲ್ಲಿ, ಕಟ್ಟಡಕ್ಕಾಗಿ ಅಗೆದ ಗುಂಡಿಗೆ ಪಕ್ಕದ ರಸ್ತೆಯ ಅಂಚು ಕುಸಿದು, ನಿಲ್ಲಿಸಿದ್ದ ಹಲವು ಕಾರುಗಳು ಮಣ್ಣುಪಾಲಾದವು. ಅಂಥ ಆಳದ ಅಗೆತವನ್ನು ಹುಲ್ಲು ತಡೆದೀತೆಂದು ನಾವು ಹೇಳುವುದಿಲ್ಲ. ಆದರೆ ಸಾಧಾರಣ ಇಳಿಜಾರುಗಳನ್ನು ಬೇರು ಹಿಡಿದು ನಿಲ್ಲಿಸುತ್ತದೆ. ನಾವು ಬೇಸಿಗೆಯಲ್ಲಿ ಹೂಜಿಗೆ ಹಾಕುವ ಲಾವಂಚದ ಬೇರು ಮೂರು ಮೀಟರಿನಷ್ಟು ಆಳಕ್ಕೆ ಇಳಿಯಬಲ್ಲದು; ಥಾಯ್‌ಲೆಂಡಿನಲ್ಲಿ ರಸ್ತೆಯ ಇಳಿಜಾರುಗಳಿಗೆ ಇದನ್ನೇ ಸಾಲುಸಾಲಾಗಿ ನೆಡುತ್ತಾರೆ.

1950ರಲ್ಲಿ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಸಸಿ ನೆಡುವ ಉತ್ಸಾಹಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಎರಡನೆಯ ವರ್ಷದ ಆರೈಕೆಗೆ. ಹುಲಿಕಲ್ಲಿನಿಂದ ಕುದೂರಿನ ರಸ್ತೆಗೆ ನೂರಾರು ಆಲದ ಮರ ಬೆಳೆಸಿದ ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಪ್ರಸಿದ್ಧರಾದುದು ನೆಟ್ಟದ್ದಕ್ಕಿಂತ ಹೆಚ್ಚಾಗಿ ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಉಳಿಸಿದ್ದಕ್ಕಾಗಿ.

ನಮ್ಮ ಕಾಲೊನಿಗಳಲ್ಲಿ ಮಾಡಬಹುದಾದುದು ಅಲ್ಪವೇ ಇರಬಹುದು. ಮರದ ಬುಡಕ್ಕೆ ಕಾಂಕ್ರೀಟು ಬಂದಿದ್ದರೆ ಬಿಡಿಸಲು ಅರ್ಜಿ ಕೊಡಬೇಕು. ದಿಲ್ಲಿಯಲ್ಲಿ 2013ರಲ್ಲಿ ಹಸಿರು ನ್ಯಾಯಮಂಡಳಿಯು ಬುಡದ ಸುತ್ತ ಒಂದು ಮೀಟರು ತೆರವಿಡಬೇಕೆಂದು ಆಜ್ಞಾಪಿಸಿದ್ದನ್ನು ಅದರಲ್ಲಿ ಕಾಣಿಸಬಹುದು. ಹೊಸ ಅಗೆತವಾದಲ್ಲಿ ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ಮತ್ತೆ ಹರಡಿರೆಂದು ಸೊಸಾಯಿಟಿಯ ಸಭೆಯಲ್ಲಿ ಕೇಳಬೇಕು. ಮಳೆಗೆ ಮುಂಚೆ ಮೋರಿಗಳ ಬಗ್ಗೆ ವಾರ್ಡಿನ ಕಚೇರಿಗೆ ತಿಳಿಸಬೇಕು. ರಜೆಯ ದಿನ ಮಕ್ಕಳಿಗೆ ರಸ್ತೆಯಂಚಿನ ಹತ್ತು ಗಿಡಗಳ ಹೆಸರನ್ನು ಕನ್ನಡದಲ್ಲಿ ಕಲಿಸಿದರೆ ಇನ್ನೂ ಒಳ್ಳೆಯದು. ಹೆಸರು ಬಲ್ಲ ಗಿಡವನ್ನು ಯಾರೂ ಸುಮ್ಮನೆ ಕಿತ್ತೆಸೆಯಲಾರರು.