ಬರ್ಲಿನ್‌ನಲ್ಲಿ 149 ತಲೆಬುರುಡೆ

ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ, ನೂರರಿಂದ ಗುಣಿಸಿ. 75ಕ್ಕಿಂತ ಕಡಿಮೆ ಬಂದರೆ ಉದ್ದತಲೆ, 80 ದಾಟಿದರೆ ದುಂಡುತಲೆ. ಇಂಥ ಲೆಕ್ಕ ಹಿಡಿದುಕೊಂಡೇ ಯುರೋಪಿನ ಎಷ್ಟೋ ಪಂಡಿತರು ಜನಾಂಗಗಳಿಗೆ ಮೇಲು-ಕೀಳಿನ ಪಟ್ಟ ಕಟ್ಟಿದ್ದರು!

1920ರ ದಶಕದ ಕೊನೆ. ಮುಂದೆ ಮಹಾಭಾರತದ ಕುರಿತು ‘ಯುಗಾಂತ’ ಬರೆದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಆಗ ಬರ್ಲಿನ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ. ಗೈಡ್ ಯೂಜೆನ್ ಫಿಶರ್ ಅವರ ವಾದ ಏನು ಗೊತ್ತಾ? ಬಿಳಿಯರ ಬುರುಡೆಯ ಎಡ-ಬಲ ಸಮ ಇರಲ್ಲ, ಅದಕ್ಕೇ ಅವರು ಹೆಚ್ಚು ಬುದ್ಧಿವಂತರು!

ಇರಾವತಿ 149 ಬುರುಡೆ ಅಳೆದರು. ಆ ಓರೆಗೂ ಜನಾಂಗಕ್ಕೂ ನಂಟೇ ಸಿಗಲಿಲ್ಲ. ಹಾಗೆಯೇ ಬರೆದುಕೊಟ್ಟರು. ಆ ಊರಲ್ಲಿ, ಆ ಗುರುವಿನ ಎದುರು, ಅದೇನು ಸಣ್ಣ ಎದೆಗಾರಿಕೆಯಲ್ಲ.

ಆದರೂ ಅಳೆಯುವುದನ್ನು ಅವರು ಬಿಡಲಿಲ್ಲ ನೋಡಿ! ಊರಿಗೆ ಮರಳಿ ಮಹಾರಾಷ್ಟ್ರದ ಜಾತಿ-ಸಮುದಾಯಗಳ ಜನರ ದೇಹದ ಅಳತೆ ತೆಗೆದರು.