ಗಟ್ಟಿಮೇಳದ ಹೊತ್ತಿಗೆ ಕೈ ನಡುಗಿದರೆ?

ತುಮಕೂರು: ತಾಳಿ ಕಟ್ಟುವುದು ಒಂದೇ ಸಲ. "ಇನ್ನೊಂದ್ಸಲ ಕಟ್ಸಿ ಸ್ವಾಮಿ, ಕ್ಯಾಮರಾ ಅಲ್ಲಾಡ್ಬಿಡ್ತು" ಅಂತ ಯಾವ ವಿಡಿಯೋದವನೂ ಪುರೋಹಿತರನ್ನು ಕೇಳೋ ಹಾಗಿಲ್ಲ. ಕೇಳಿದರೆ ಬೀಗರು ಬಿಡುತ್ತಾರೆಯೆ? ಸಿನಿಮಾದವರಿಗೆ ಹತ್ತು ಟೇಕು ಇರುತ್ತವೆ. ಛತ್ರದ ವಿಡಿಯೋದವನಿಗೆ ಇರುವುದು ಒಂದೇ ಟೇಕು, ಅದೂ ನೂಕುನುಗ್ಗಲಿನ ನಡುವೆ.

ಮುಹೂರ್ತವಿರುವ ದಿನ ಬಿ.ಎಚ್. ರಸ್ತೆಯ ಯಾವ ಛತ್ರಕ್ಕೆ ಬೇಕಾದರೂ ಹೋಗಿ ನೋಡಿ. ವಿಡಿಯೋದ ಹುಡುಗ ಕ್ಯಾಮರಾವನ್ನು ಕೈಯಲ್ಲಿ ಹಿಡಿದಿರುವುದಿಲ್ಲ. ಕೈಯಲ್ಲಿರುವುದು ಒಂದು ಹಿಡಿ. ಹಿಡಿಯ ಮೇಲೆ ಮೂರು ಕಡೆ ಮಡಿಚಿದ ತೋಳು, ತೋಳಿನ ತುದಿಗೆ ಕ್ಯಾಮರಾ. ಹುಡುಗನ ಕೈ ಅತ್ತ ವಾಲಲಿ, ಇತ್ತ ವಾಲಲಿ, ಕ್ಯಾಮರಾ ಮಾತ್ರ ಪಂಚಾಯ್ತಿ ಕಟ್ಟೆಯ ಯಜಮಾನನ ಹಾಗೆ ನೆಟ್ಟಗೆ ಕೂತಿರುತ್ತದೆ. ಇದೇ ಗಿಂಬಲ್. ಮದುವೆ ಮಾತುಕತೆಯಲ್ಲಿ ಊಟದ ಎಲೆಯ ರೇಟು ಮುಗಿದ ಮೇಲೆ ಈಗ ಹುಡುಗನ ಕಡೆಯವರು ಕೇಳುವ ಪ್ರಶ್ನೆಯೂ ಅದೇ: "ವಿಡಿಯೋದವನ ಹತ್ರ ಗಿಂಬಲ್ ಐತಾ?"

ಐತೆ. ಆದರೆ ಅದನ್ನು ಹಿಡಿದು ನಡೆಯಲು ಬರುತ್ತದಾ ಅನ್ನೋ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಹಿಂದೆ ಹೀಗಿರಲಿಲ್ಲ. ವಿ.ಎಚ್.ಎಸ್. ಕ್ಯಾಸೆಟ್ಟಿನ ಕಾಲದಲ್ಲಿ ಕ್ಯಾಮರಾ ಅಂದರೆ ಹೆಗಲ ಮೇಲೆ ಕೂರುವ ಪೆಟ್ಟಿಗೆ. ಹಿಂದೆ ಲೈಟು ಹಿಡಿಯಲು ಒಬ್ಬ, ಅವನ ಹಿಂದೆ ವೈರು ಎಳೆಯಲು ಇನ್ನೊಬ್ಬ. ಭಾರ ಅಂತ ಎಲ್ಲರೂ ಬೈಯುತ್ತಿದ್ದರು. ಆ ಭಾರವೇ ಚಿತ್ರವನ್ನು ಕಾಪಾಡುತ್ತಿತ್ತು ಅನ್ನೋದು ಗೊತ್ತಾಗಿದ್ದು ಕ್ಯಾಮರಾ ಅಂಗೈಯಗಲಕ್ಕೆ ಇಳಿದ ಮೇಲೆ. ಹಗುರವಾದಷ್ಟೂ ಅದು ಉಸಿರಾಟಕ್ಕೆಲ್ಲ ನಡುಗುತ್ತದೆ. ಅರ್ಧ ಕಿಲೋ ಕ್ಯಾಮರಾವನ್ನು ತೋಳು ಚಾಚಿ ಹಿಡಿದುಕೊಂಡು ನಡೆದರೆ ಟಿ.ವಿ.ಯಲ್ಲಿ ಕಾಣುವುದು ಮದುವೆಯಲ್ಲ, ಭೂಕಂಪ!

ಗಿಟಾರು ಬಿಟ್ಟು ಕ್ಯಾಮರಾ ಹಿಡಿದವನು

ಈ ತಲೆನೋವಿಗೆ ಮೊದಲು ಮದ್ದು ಅರೆದವನು ಅಮೆರಿಕದ ಫಿಲಡೆಲ್ಫಿಯಾದ ಗ್ಯಾರೆಟ್ ಬ್ರೌನ್. ದೊಡ್ಡ ಇಂಜಿನಿಯರ್ ಏನಲ್ಲ. ಮೊದಲು ಜಾನಪದ ಹಾಡುಗಾರ, ಆಮೇಲೆ ಕಾರು ಮಾರಿದ, ಜಾಹೀರಾತು ಬರೆದ, ಸಣ್ಣಪುಟ್ಟ ಚಿತ್ರ ತೆಗೆಯಲು ಹೊರಟ. ಆಗ ಕ್ಯಾಮರಾ ನುಣ್ಣಗೆ ಚಲಿಸಬೇಕೆಂದರೆ ನೆಲಕ್ಕೆ ಹಳಿ ಹಾಸಿ, ಹಳಿಯ ಮೇಲೆ ಟ್ರಾಲಿ ಇಟ್ಟು ತಳ್ಳಬೇಕಿತ್ತು. ಮೈಸೂರಿನವರೇ ಆದ ವಿ.ಕೆ. ಮೂರ್ತಿ 1950ರ ದಶಕದಲ್ಲಿ ಗುರುದತ್ತರ ಚಿತ್ರಗಳಿಗೆ ಕ್ಯಾಮರಾ ಹಿಡಿದಾಗಲೂ ಟ್ರಾಲಿ, ಕ್ರೇನುಗಳೇ ಗತಿ. (ಆ ಮೂರ್ತಿಯವರಿಗೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದಿದ್ದು ಅದೇ ಮೊದಲು.) ಮೆಟ್ಟಿಲ ಮೇಲೆ, ಕಲ್ಲುಮುಳ್ಳಿನ ಮೇಲೆ ಹಳಿ ಹಾಸುವುದು ಹೇಗೆ?

ಬ್ರೌನ್ ಮಾಡಿದ್ದು ದೊಂಬರ ಲೆಕ್ಕ. ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿ ಕೈಯಲ್ಲಿ ಉದ್ದನೆಯ ಗಳ ಯಾಕೆ ಹಿಡಿಯುತ್ತಾಳೆ? ಭಾರ ಒಂದೇ ಕಡೆ ಗುಡ್ಡೆಯಾಗಿದ್ದರೆ ಥಟ್ಟನೆ ತಿರುಗುತ್ತದೆ. ದೂರ ದೂರಕ್ಕೆ ಹಂಚಿದರೆ ತಿರುಗಲು ಸೋಮಾರಿತನ ಮಾಡುತ್ತದೆ. ಬ್ರೌನ್ ಒಂದು ಕಂಬದ ಮೇಲ್ತುದಿಗೆ ಕ್ಯಾಮರಾ, ಕೆಳತುದಿಗೆ ಬ್ಯಾಟರಿ ಮತ್ತು ಸಣ್ಣ ಟಿ.ವಿ. ಪರದೆ ಕಟ್ಟಿದ. ಎರಡೂ ಸಮತೂಗುವ ಜಾಗದಲ್ಲಿ, ಯಾವ ಕಡೆಗೂ ಸಲೀಸಾಗಿ ತಿರುಗುವ ಕೀಲು ಇಟ್ಟ. ಕಂಬವನ್ನು ಮುಷ್ಟಿ ಬಿಗಿದು ಹಿಡಿಯುವ ಹಾಗಿಲ್ಲ, ಬೆರಳ ತುದಿಯಿಂದ ಮುಟ್ಟಿದರೆ ಸಾಕು. ಆ ಕೀಲನ್ನು ಸ್ಪ್ರಿಂಗು ಹಾಕಿದ ತೋಳಿಗೆ, ತೋಳನ್ನು ಮೈಗೆ ತೊಟ್ಟ ಕವಚಕ್ಕೆ ಬಿಗಿದ. ಕೊನೆಯ ತೊಡಕು ಬಿಡಿಸಲು ಒಂದು ವಾರ ಮೋಟೆಲು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದನಂತೆ. ಇದೇ ಸ್ಟೆಡಿಕ್ಯಾಮ್.

ಪರೀಕ್ಷೆಗೆಂದು ಊರಿನ ಕಲಾ ಸಂಗ್ರಹಾಲಯದ ಮೆಟ್ಟಿಲ ಮೇಲೆ ಗೆಳತಿಯನ್ನು ಓಡಿಸಿ, ತಾನೂ ಹಿಂದೆ ಓಡಿ ಚಿತ್ರ ತೆಗೆದ. ಅದನ್ನು ನೋಡಿದ ನಿರ್ದೇಶಕ ಜಾನ್ ಅವಿಲ್ಡ್‌ಸನ್ "ಈ ಮೆಟ್ಟಿಲು ಎಲ್ಲಿದೆ?" ಅಂತ ವಿಚಾರಿಸಿದ. 1976ರ 'ರಾಕಿ' ಚಿತ್ರದಲ್ಲಿ ಬಾಕ್ಸರ್ ನಾಯಕ ಓಡುತ್ತಾ ಹತ್ತುವ ಮೆಟ್ಟಿಲು ಅದೇ. ಅದೇ ವರ್ಷ ತೆರೆಕಂಡ 'ಬೌಂಡ್ ಫಾರ್ ಗ್ಲೋರಿ'ಯಲ್ಲಿ ಬ್ರೌನ್ ಕ್ರೇನಿನ ಮೇಲೆ ಕೂತು ಕೆಳಗಿಳಿದು, ಕ್ರೇನಿನಿಂದ ಹೆಜ್ಜೆ ಕೆಳಗಿಟ್ಟು, ನೂರಾರು ಜನರ ನಡುವೆ ತೂರಿಕೊಂಡು ನಡೆದ, ಒಂದೇ ಶಾಟ್! 1978ರಲ್ಲಿ ಈ ಯಂತ್ರಕ್ಕೆ ಆಸ್ಕರ್ ಬಂತು. 1980ರ 'ದ ಶೈನಿಂಗ್'ನಲ್ಲಿ ಹೋಟೆಲಿನ ಓಣಿಯಲ್ಲಿ ಮೂರು ಚಕ್ರದ ಸೈಕಲ್ ತುಳಿಯುವ ಮಗುವಿನ ಬೆನ್ನುಹತ್ತಿ ಹೋಗುವುದೂ ಇದೇ ಕ್ಯಾಮರಾ. ನೆಲಮಟ್ಟಕ್ಕೆ ಇಳಿಯಬೇಕಿತ್ತು, ಅದಕ್ಕೆ ಅದನ್ನು ಗಾಲಿಕುರ್ಚಿಗೆ ಕಟ್ಟಿದ್ದರು.

ಮೋಟಾರಿಗೆ ಮೊಣಕಾಲಿಲ್ಲ

ಈಗಿನ ಗಿಂಬಲ್ ಸ್ಟೆಡಿಕ್ಯಾಮಿನ ಮೊಮ್ಮಗ ಅನ್ನಬಹುದು. ಆದರೆ ಅಜ್ಜನ ಒಂದು ಗುಣ ಇದಕ್ಕೆ ಬಂದಿಲ್ಲ. ತಕರಾರು ಇರುವುದೇ ಅಲ್ಲಿ.

ಗಿಂಬಲ್ಲಿನಲ್ಲಿ ಮೂರು ಮೋಟಾರು. ಒಂದು ಎಡ-ಬಲ ತಿರುವಿಗೆ, ಒಂದು ಮೇಲೆ-ಕೆಳಗೆ ಬಾಗುವುದಕ್ಕೆ, ಇನ್ನೊಂದು ಪಕ್ಕಕ್ಕೆ ಓರೆಯಾಗುವುದಕ್ಕೆ. ಒಳಗಿರುವ ಪುಟ್ಟ ಚಿಪ್ಪುಗಳು ಕೈ ಎಷ್ಟು ವಾಲಿತು ಅಂತ ಸೆಕೆಂಡಿಗೆ ನೂರಾರು ಸಲ ಅಳೆಯುತ್ತವೆ. ಮೋಟಾರು ಅಷ್ಟೇ ಉಲ್ಟಾ ತಿರುಗಿಸಿ ಸರಿದೂಗಿಸುತ್ತದೆ. ಡ್ರೋನ್ ಹಾರಿಸಲು ಬೆಳೆದ ವಿದ್ಯೆಯೇ ಕೈಗೂ ಬಂತು. 2014-15ರ ಸುಮಾರಿಗೆ ಡಿ.ಜೆ.ಐ. ಕಂಪನಿಯ ರೋನಿನ್, ಓಸ್ಮೋ ಬಂದ ಮೇಲೆ ಬೆಲೆ ಇಳಿಯುತ್ತಾ ಹೋಯಿತು. ಫೋನಿಗೆ ಹಾಕುವಂಥದು ಈಗ ಕೆಲವೇ ಸಾವಿರಕ್ಕೆ ಸಿಗುತ್ತದೆ, ಕ್ಯಾಮರಾದ್ದಕ್ಕೆ ಹತ್ತಾರು ಸಾವಿರ ಬೇಕು. ಕೊಳ್ಳಲಾಗದವರು ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಿಂದ ಬಾಡಿಗೆಗೆ ತರುತ್ತಾರೆ.

ಸರಿ, ವಾಲುವುದನ್ನು ಮೋಟಾರು ತಡೆಯಿತು. ಹೆಜ್ಜೆ ಇಟ್ಟಾಗ ಇಡೀ ಮೈ ಮೇಲೆ-ಕೆಳಗೆ ಕುಪ್ಪಳಿಸುತ್ತದಲ್ಲ, ಅದನ್ನು ತಡೆಯುವವರು ಯಾರು? ಬ್ರೌನನ ಯಂತ್ರದಲ್ಲಿ ಆ ಕೆಲಸಕ್ಕೆ ಸ್ಪ್ರಿಂಗು ತೋಳಿತ್ತು. ಕೈಯಲ್ಲಿ ಹಿಡಿಯುವ ಗಿಂಬಲ್ಲಿಗೆ ಅದಿಲ್ಲ. ಮೊಣಕಾಲು ಒಬ್ಬನಿಗೇ ಇರುವುದು, ಹಿಡಿದವನಿಗೆ. ಹೀಗಾಗಿಯೇ ಎಷ್ಟೋ ಮದುವೆ ವಿಡಿಯೋಗಳಲ್ಲಿ ವಧು ನೆಟ್ಟಗಿದ್ದರೂ ಮಂಟಪದ ಕಂಬ ದೋಣಿಯ ಹಾಗೆ ಏರಿಳಿಯುತ್ತದೆ. ಗಮನಿಸಿ ನೋಡಿ, ದೂರದ ಗೋಪುರ ಹಾಗೆ ಕುಣಿಯುವುದಿಲ್ಲ. ಹತ್ತಿರದ್ದೇ ಕುಣಿಯುವುದು. ಛತ್ರದೊಳಗೆ ಎಲ್ಲವೂ ಹತ್ತಿರವೇ!

ಇದಕ್ಕೆ ಮದ್ದು ಕೊಡ ಹೊತ್ತು ಬರುವ ಹೆಂಗಸರಿಗೆ ಗೊತ್ತು. ತುಂಬಿದ ಕೊಡ ತಲೆಯ ಮೇಲೆ, ಇನ್ನೊಂದು ಸೊಂಟದಲ್ಲಿ, ಕಾಲಡಿಗೆ ಕಲ್ಲು. ಒಂದು ಹನಿ ತುಳುಕುವುದಿಲ್ಲ. ಅವರು ದಾಪುಗಾಲು ಹಾಕುವುದೂ ಇಲ್ಲ. ವಿಡಿಯೋದವನೂ ಮೊಣಕಾಲು ಕೊಂಚ ಮಡಿಸಿ, ಸೊಂಟದ ಎತ್ತರ ಬದಲಾಗದ ಹಾಗೆ, ಹಿಮ್ಮಡಿ ಮೊದಲು ಊರಿ ನಿಧಾನಕ್ಕೆ ಬೆರಳಿನ ಕಡೆ ಉರುಳಿಸಬೇಕು. ಹಿಂದೆ ಹಿಂದೆ ನಡೆಯುವಾಗ ಇದೇ ಉಲ್ಟಾ, ಬೆರಳು ಮೊದಲು. ಮೊಣಕೈ ಮೈಗೆ ಹತ್ತಿರ, ಸಾಧ್ಯವಾದರೆ ಎರಡೂ ಕೈ. ಕೋಳಿಯನ್ನು ಹಿಡಿದು ಮೈ ಅಲುಗಾಡಿಸಿದರೂ ತಲೆಯನ್ನು ಗಾಳಿಯಲ್ಲಿ ಅಲ್ಲೇ ನಿಲ್ಲಿಸುತ್ತದಲ್ಲ, ಆ ವರ ಮನುಷ್ಯನಿಗಿಲ್ಲ. ಕಲಿಯಲೇಬೇಕು.

ಕಲಿಯದೆ ಸಾಲ ಮಾಡಿ ಕೊಂಡವರ ಪಾಡು ಬೇರೆ. ಗಿಂಬಲ್ ತಕ್ಕಡಿಯ ಹಾಗೆ. ಮೋಟಾರು ಹಾಕುವ ಮೊದಲೇ ಕ್ಯಾಮರಾವನ್ನು ಹಿಂದೆ ಮುಂದೆ ಜರುಗಿಸಿ ತೂಗಿಸಬೇಕು. ಯಾವ ಕಡೆ ತಿರುಗಿಸಿ ಕೈಬಿಟ್ಟರೂ ಕ್ಯಾಮರಾ ಅಲ್ಲೇ ನಿಂತರೆ ತೂಕ ಸರಿ ಅಂತ ಲೆಕ್ಕ. ಲೆನ್ಸಿನ ಮುಚ್ಚಳ ತೆಗೆದ ಮೇಲೆ ತೂಗಿಸಬೇಕು, ಹಾಕಿಕೊಂಡು ಅಲ್ಲ. ಲೆನ್ಸು ಬದಲಾದರೆ ಮತ್ತೆ ಮೊದಲಿಂದ. ಅವಸರದಲ್ಲಿ ಇದನ್ನು ಬಿಟ್ಟರೆ ಮೋಟಾರು ಜೇನುಹುಳದ ಹಾಗೆ ಗುಂಯ್‌ಗುಟ್ಟುತ್ತದೆ, ಬಿಸಿಯಾಗುತ್ತದೆ, ಬ್ಯಾಟರಿ ಕುಡಿಯುತ್ತದೆ. ಕೊನೆಗೆ ಕೈಚೆಲ್ಲಿ ಕ್ಯಾಮರಾದ ತಲೆ ಬಗ್ಗಿಸಿಬಿಡುತ್ತದೆ. ಹಾಗೆ ಬಗ್ಗಿಸಲು ಅದು ಆರಿಸಿಕೊಳ್ಳುವ ಗಳಿಗೆ ಯಾವುದು ಅಂತ ಬೇರೆ ಹೇಳಬೇಕೇ? "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೂಗಿದ್ದೇ ತಡ, ವಾಲಗದವರು ಜೋರು ಹಿಡಿಯುತ್ತಾರೆ, ಕೂತವರೆಲ್ಲ ಎದ್ದು ಅಕ್ಷತೆ ಎಸೆಯುತ್ತಾರೆ, ಫೋನು ಹಿಡಿದ ಇಪ್ಪತ್ತು ಕೈ ಅಡ್ಡ ಬರುತ್ತವೆ. ಯಾರೋ ಚಿಕ್ಕಪ್ಪನ ಮೊಣಕೈ ಹಿಡಿಗೆ ತಾಕುತ್ತದೆ. ಕೈ ತಿರುಗಿದ ಕಡೆ ತಾನೂ ತಿರುಗುವ ಹಾಗೆ ಇಟ್ಟಿದ್ದರೆ, ಗಿಂಬಲ್ ವಧುವನ್ನು ಬಿಟ್ಟು ಬಲು ನಯವಾಗಿ ಕಂಬದ ಕಡೆ ಹೊರಳುತ್ತದೆ. ಅಲುಗಾಟವಿಲ್ಲದ ಕಂಬದ ಚಿತ್ರ! ಬಲ್ಲವರು ಆ ಹೊತ್ತಿಗೆ ಮುಂಚೆಯೇ ದಿಕ್ಕನ್ನು ಬಿಗಿ ಮಾಡಿಟ್ಟುಕೊಳ್ಳುತ್ತಾರೆ. ಇನ್ನೂ ಬಲ್ಲವರು ಗಿಂಬಲ್ಲನ್ನು ಪಕ್ಕಕ್ಕಿಟ್ಟು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಎರಡನೆಯ ಕ್ಯಾಮರಾ ನಿಲ್ಲಿಸಿರುತ್ತಾರೆ.

ಟ್ಯೂಬ್‌ಲೈಟಿನ ಕಾಟ ಇನ್ನೊಂದು. ಇಲ್ಲಿನ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುವಂಥದು. ಕ್ಯಾಮರಾವನ್ನು 25 ಚೌಕಟ್ಟಿಗೆ, ಶಟರನ್ನು ಐವತ್ತರಲ್ಲಿ ಒಂದಕ್ಕೆ ಇಡದಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟೆ ಓಡಾಡುತ್ತವೆ. ದಿಬ್ಬಣ ಬಿಸಿಲಿಗೆ ಬಂದಾಗ ಶಟರು ತೀರಾ ಚುರುಕಾದರೆ, ಗಿಂಬಲ್ ಇದ್ದರೂ ಕುಣಿತ ಗರಗಸದ ಹಲ್ಲಿನ ಹಾಗೆ ತುಂಡು ತುಂಡು. ಅದಕ್ಕೆ ಲೆನ್ಸಿನ ಮುಂದೆ ಕಪ್ಪು ಗಾಜು ಹಾಕುತ್ತಾರೆ. "ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡ್ತೀವಿ ಬಿಡಿ" ಅನ್ನೋ ಭರವಸೆಯನ್ನು ಅರ್ಧ ಮಾತ್ರ ನಂಬಬೇಕು. ಕಂಪ್ಯೂಟರು ಅಂಚು ಕತ್ತರಿಸಿ ಅಲುಗಾಟ ಮುಚ್ಚುತ್ತದೆ. ಜಾಸ್ತಿ ಎಳೆದರೆ ಗೋಡೆಗಳು ಹಲಸಿನ ತೊಳೆಯ ಹಾಗೆ ಬಳುಕುತ್ತವೆ.

ಅಂಗಿ ಹಿಡಿಯುವ ಹುಡುಗ

ದಿಬ್ಬಣದ ಮುಂದೆ ವಿಡಿಯೋದವನು ಹಿಂದೆ ಹಿಂದೆ ನಡೆಯುವಾಗ ಅವನ ಬೆನ್ನ ಹಿಂದೊಬ್ಬ ಹುಡುಗ ಅಂಗಿಯನ್ನೋ ಬೆಲ್ಟನ್ನೋ ಹಿಡಿದು ನಡೆಸುತ್ತಿರುತ್ತಾನೆ. ಮೆಟ್ಟಿಲು ಬಂತು, ಎಡಕ್ಕೆ ತಿರುಗು, ವೈರು ಇದೆ ಅಂತ ಬೆರಳಲ್ಲೇ ಹೇಳುತ್ತಾನೆ. ಬಾಯಿ ಬಿಟ್ಟರೆ ಅವನ ದನಿ ವಿಡಿಯೋದಲ್ಲಿ ಬಂದೀತು! ಅಮೆರಿಕದ ಸ್ಟೆಡಿಕ್ಯಾಮಿನವರಿಗೂ ಹೀಗೆ ಹಿಂದೆ ನಿಲ್ಲುವವನೊಬ್ಬ ಬೇಕು. ಇಲ್ಲಿ ಅವನಿಗೆ ಸಿಗುವುದು ಚಿಲ್ಲರೆ ಕೂಲಿ, ಎರಡು ಹೊತ್ತಿನ ಊಟ. ಅಷ್ಟಾದರೂ ಗಿಂಬಲ್ ಹಿಡಿಯುವ ವಿದ್ಯೆ ಅವನು ಕಲಿಯುವುದು ಅಲ್ಲಿಂದಲೇ, ಮುಂದಿರುವವನ ಕಾಲು ನೋಡಿ. ಕ್ಯಾಮರಾ, ಲೆನ್ಸು, ಗಿಂಬಲ್ ಸೇರಿ ಎರಡೂವರೆ ಕಿಲೋಗೆ ಕಡಿಮೆಯಿಲ್ಲ. ಬೆಳಗಿನ ಜಾವದಿಂದ ಆರತಕ್ಷತೆಯ ರಾತ್ರಿವರೆಗೆ ಹಿಡಿದವನ ಮಣಿಕಟ್ಟು ಏನಾಗುತ್ತದೆಂಬ ಲೆಕ್ಕವನ್ನು ಯಾರೂ ಬಿಲ್ಲಿನಲ್ಲಿ ಹಾಕುವುದಿಲ್ಲ.

ಈ ನುಣುಪಿನ ಹುಚ್ಚಿನಿಂದ ಕಳೆದುಹೋಗುತ್ತಿರುವುದೂ ಉಂಟು. ಗಿಂಬಲ್ ಬಂದ ಮೇಲೆ ವಧೂವರರ ಸುತ್ತ ಗಿರಕಿ ಹೊಡೆಯುವುದೇ ಕೆಲಸವಾಗಿದೆ. ಅದೂ ನಿಧಾನಗತಿಯಲ್ಲಿ, ಮೇಲೊಂದು ಸಿನಿಮಾ ಹಾಡು. ನಿಧಾನಗತಿಯ ಚಿತ್ರಕ್ಕೆ ಅಲ್ಲಿನ ಸದ್ದು ಹೊಂದುವುದಿಲ್ಲ. ಹಾಗಾಗಿ ಸದ್ದನ್ನೇ ಬಿಸಾಡುತ್ತಾರೆ. ಪುರೋಹಿತರ ಮಂತ್ರವಿಲ್ಲ, ಸೋದರತ್ತೆಯ ಗದರಿಕೆಯಿಲ್ಲ, ಹೆಣ್ಣು ಒಪ್ಪಿಸುವಾಗ ಅಪ್ಪ ಗಂಟಲು ಕಟ್ಟಿ ಆಡಿದ ಎರಡು ಮಾತೂ ಇಲ್ಲ. ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜಿ ಎರಡು ಸೆಕೆಂಡು ಕಂಡು ಮಾಯ. ಐದು ವರ್ಷ ಕಳೆದು ಅಜ್ಜಿ ಇಲ್ಲವಾದಾಗ ಮನೆಯವರು ಪೆನ್‌ಡ್ರೈವ್ ಹಾಕಿ ಹುಡುಕುವುದು ಗಿರಕಿಯನ್ನಲ್ಲ, ಅಜ್ಜಿ ಮಾತಾಡಿದ್ದು ಎಲ್ಲಾದರೂ ಇದೆಯೇ ಅಂತ. ಹಳೆಯ ಕ್ಯಾಸೆಟ್ಟಿನಲ್ಲಿ ಚಿತ್ರ ನಡುಗಿದರೂ ದನಿ ಇರುತ್ತಿತ್ತು. ಮದುವೆ ಮನೆಯವರು ವಿಡಿಯೋದವನಿಗೆ ಮುಂಗಡ ಕೊಡುವಾಗ ಈ ಒಂದು ಮಾತು ಹೇಳಿದರೆ ಸಾಕು: ಅಜ್ಜಿಯ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲು, ಮೈಕು ಹಾಕು. ನಿಲ್ಲುವುದಕ್ಕೆ ಗಿಂಬಲ್ ಬೇಡ.

ಆಷಾಢ ಬಂದರೆ ಛತ್ರಗಳಿಗೆ ಬೀಗ, ಗಿಂಬಲ್ಲುಗಳಿಗೆ ಬಿಡುವು. ಕಸುಬಿನ ಮೇಲೆ ಆಸೆಯಿರುವ ಹುಡುಗರು ಆ ಒಂದು ತಿಂಗಳು ಮನೆಯ ತಾರಸಿ ಮೇಲೆ, ಅಂಗೈಯಲ್ಲಿ ತುಂಬಿದ ನೀರಿನ ಲೋಟ ಇಟ್ಟುಕೊಂಡು ಹಿಂದಕ್ಕೂ ಮುಂದಕ್ಕೂ ನಡೆಯುತ್ತಾರೆ. ಪಕ್ಕದ ಮನೆಯವರು ನಗುತ್ತಾರೆ. ಶ್ರಾವಣದ ಮೊದಲ ಮುಹೂರ್ತಕ್ಕೆ ಮುಂಗಡ ಕೊಡಲು ಬರುವವರು ಬೇಕಿದ್ದರೆ ಅದೇ ಲೋಟ ಕೈಗಿತ್ತು, ಒಂದು ಸುತ್ತು ನಡೆಸಿ ನೋಡಬಹುದು.