ಚರ ತಂತ್ರಾಂಶ, ಸ್ಥಿರ ಕಡತ

ಮನೆ ಬದಲಾಯಿಸುವವರು ಪಾತ್ರೆಪಗಡೆಗಳನ್ನು ಗಾಡಿಗೇರಿಸಿ ಒಯ್ಯಬಲ್ಲರು. ಊರಿನ ಅಂಚೆಯ ಕಚೇರಿಯನ್ನು ಒಯ್ಯಲಾರರು. ಹೊಸ ವಿಳಾಸವನ್ನು ಅಲ್ಲಿ ತಿಳಿಸದಿದ್ದರೆ ಪತ್ರಗಳೆಲ್ಲ ಹಳೆಯ ಬಾಗಿಲಿಗೇ ಹೋಗುವುವು. ಲಿನಕ್ಸ್ ಗಣಕಯಂತ್ರಕ್ಕೆ ತಂತ್ರಾಂಶವನ್ನು ಪೊಟ್ಟಣ ಕಟ್ಟಿ ಕೊಡುವವರಿಗೂ ಇದೇ ತೊಡಕು ಎದುರಾಗುತ್ತದೆ.

ಲಿನಕ್ಸ್‌ನಲ್ಲಿ ಯಾವ ಕಡತವು ಎಲ್ಲಿರಬೇಕೆಂಬುದಕ್ಕೆ ಒಂದು ಕ್ರಮವುಂಟು. 1994ರಲ್ಲಿ ಮೊದಲು ಹೊರಬಂದ ಈ ಕ್ರಮದ 3.0 ಆವೃತ್ತಿಯು 2015ರಲ್ಲಿ ಪ್ರಕಟವಾಯಿತು. ಅದರಂತೆ ಹೊರಗಿನಿಂದ ತಂದ ತಂತ್ರಾಂಶಕ್ಕೆ ‘ಆಪ್ಟ್’ ಎಂಬ ಡೈರೆಕ್ಟರಿ ಮೀಸಲು. ಆದರೆ ಅಲ್ಲಿ ಸ್ಥಳ ಸಾಲದೆ, ಬೃಹತ್ ತಂತ್ರಾಂಶವನ್ನು ಬೇರೊಂದು ಡಿಸ್ಕಿನಲ್ಲಿ ಇಡಬೇಕಾದರೆ? ಆರ್‌ಪಿಎಂ ಎಂಬ ಪೊಟ್ಟಣ ಪದ್ಧತಿಯಲ್ಲಿ ಇದಕ್ಕೆ ಸೌಕರ್ಯವಿದೆ. ಪೊಟ್ಟಣ ಕಟ್ಟುವವರು ‘ಪ್ರಿಫಿಕ್ಸ್’ ಎಂಬ ಸಾಲಿನಲ್ಲಿ ಮೂಲಸ್ಥಾನವನ್ನು ನಮೂದಿಸುತ್ತಾರೆ. ಸ್ಥಾಪಿಸುವವರು ಅದರ ಬದಲು ಬೇರೆ ಸ್ಥಾನವನ್ನು ಸೂಚಿಸಬಹುದು. ಆ ಮೂಲದಿಂದ ಹೊರಡುವ ದಾರಿಗಳೆಲ್ಲ ಆಗ ಬದಲಾಗುವುವು.

ಆದರೆ ಎಲ್ಲ ಕಡತಗಳೂ ಹೀಗೆ ಚಲಿಸಲಾರವು. ಯಂತ್ರದ ಸೇವೆಗಳನ್ನು ಆರಂಭಿಸುವ ‘ಸಿಸ್ಟಮ್‌ಡಿ’ಯು ತನ್ನ ಯೂನಿಟ್ ಕಡತಗಳನ್ನು ಗೊತ್ತಾದ ಕೆಲವು ಡೈರೆಕ್ಟರಿಗಳಲ್ಲಿ ಮಾತ್ರ ಹುಡುಕುತ್ತದೆ. ಕಡತವು ಅಲ್ಲಿಯೇ ಇರಬೇಕು. ಅದರೊಳಗೆ ಬರೆದ ತಂತ್ರಾಂಶದ ವಿಳಾಸ ಮಾತ್ರ ಬದಲಾಗಬೇಕು. ಆರ್‌ಪಿಎಂ ಕಡತಗಳ ಸ್ಥಾನವನ್ನು ಬದಲಿಸುವುದೇ ಹೊರತು ಒಳಗಿನ ಬರಹವನ್ನು ತಿದ್ದುವುದಿಲ್ಲ. ಗಂಡಾಂತರವಿರುವುದು ಇಲ್ಲಿಯೇ. ಸ್ಥಾಪನೆ ನಿರ್ವಿಘ್ನವಾಗಿ ಮುಗಿದಂತೆ ತೋರುತ್ತದೆ. ಸೇವೆ ಆರಂಭವಾಗಬೇಕಾದಾಗ ಯಂತ್ರವು ಬರಿದಾದ ಹಳೆಯ ವಿಳಾಸಕ್ಕೆ ಹೋಗಿ ಸೋಲುತ್ತದೆ.

ಪರಿಹಾರವೇನು? ಕಡತಗಳೆಲ್ಲ ನೆಲೆಗೊಂಡ ಮೇಲೆ ಪೊಟ್ಟಣದಲ್ಲಿರುವ ಪುಟ್ಟ ಸ್ಕ್ರಿಪ್ಟ್ ಒಂದು ನಡೆಯುವಂತೆ ಏರ್ಪಡಿಸಬಹುದು. ಹೊಸ ಸ್ಥಾನವನ್ನು ಆರ್‌ಪಿಎಂ ಅದಕ್ಕೆ ತಿಳಿಸುತ್ತದೆ. ಅದು ಹೊಸ ವಿಳಾಸದೊಡನೆ ಯೂನಿಟ್ ಕಡತವನ್ನು ಬರೆಯುತ್ತದೆ. ಆದರೆ ಎಚ್ಚರ ಬೇಕು. ಪೊಟ್ಟಣದೊಡನೆ ಬಂದ ಕಡತವನ್ನೇ ತಿದ್ದಿದರೆ, ಮುಂದೆ ತಪಾಸಣೆಯಲ್ಲಿ ಅದು ಬದಲಾದ ಕಡತವೆಂದು ಕಂಡುಬರುವುದು. ಪಟ್ಟಿಯಲ್ಲಿಲ್ಲದ ಕಡತವನ್ನು ಸೃಷ್ಟಿಸಿದರೆ, ತಂತ್ರಾಂಶವನ್ನು ತೆಗೆದ ಮೇಲೂ ಅದು ಅನಾಥವಾಗಿ ಉಳಿಯುವುದು. ‘ಘೋಸ್ಟ್’ ಎಂಬ ಗುರುತು ಈ ಎರಡು ದೋಷಗಳನ್ನೂ ನಿವಾರಿಸುತ್ತದೆ. ಕಡತದ ಹೆಸರು ಪಟ್ಟಿಯಲ್ಲಿರುತ್ತದೆ, ತಿರುಳು ಪೊಟ್ಟಣದಲ್ಲಿರುವುದಿಲ್ಲ. ತಿರುಳನ್ನು ಸ್ಕ್ರಿಪ್ಟ್ ಬರೆಯುತ್ತದೆ. ತಂತ್ರಾಂಶವನ್ನು ತೆಗೆಯುವಾಗ ಆರ್‌ಪಿಎಂ ಆ ಕಡತವನ್ನೂ ಅಳಿಸುತ್ತದೆ.

ತಂತ್ರಾಂಶದ ಒಳಗಿನ ನಂಟುಗಳಿಗೆ ಇಷ್ಟು ಶ್ರಮ ಬೇಡ. ಅದಕ್ಕೆ ಬೇಕಾದ ಲೈಬ್ರರಿಗಳ ದಾರಿಯನ್ನು ‘ಒರಿಜಿನ್’ ಎಂಬ ಸಂಕೇತದಿಂದ ಬರೆದರೆ, ‘ನಾನಿರುವ ಸ್ಥಳದಿಂದ ಹೀಗೆ ಹೋಗು’ ಎಂದಂತಾಯಿತು. ರೈಲು ಎಲ್ಲಿಗೆ ಓಡಿದರೂ ಡಬ್ಬಿಯೊಳಗಿನ ಎರಡು ಆಸನಗಳ ಅಂತರ ಬದಲಾಗದೆಂಬುದನ್ನು ನಾವೆಲ್ಲ ಬಲ್ಲೆವು. ಸಾಪೇಕ್ಷ ಸ್ಥಾನವೆಂದು ಭೌತವಿಜ್ಞಾನದಲ್ಲಿ ನಾವು ಕಲಿಯುವುದೂ ಇದನ್ನೇ.

ಆದುದರಿಂದ ಪೊಟ್ಟಣ ಕಟ್ಟುವ ಮೊದಲು ಪ್ರತಿಯೊಂದು ಕಡತದ ವಿಷಯದಲ್ಲಿಯೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ಹುಡುಕಿಕೊಂಡು ಬರುವವರು ಯಾರು? ತಂತ್ರಾಂಶವೇ ಹುಡುಕುವುದಾದರೆ ಅದು ಚರ. ಯಂತ್ರದ ವ್ಯವಸ್ಥೆ ಹುಡುಕುವುದಾದರೆ ಅದು ಸ್ಥಿರ.